ಅಂಗಡಿಯ ಲಾಭದಲ್ಲಿ ಬಡ ಮಕ್ಕಳ ಓದಿಗೆ ನೆರವು: ಎಷ್ಟು ಮಕ್ಕಳಿಗೆ, ಎಷ್ಟು ವರ್ಷ?

ಪ್ರಶ್ನೆ: ಅಡಿಕೆ ವ್ಯಾಪಾರಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಮ್ಮದೊಂದು ಅಡಿಕೆ ವ್ಯಾಪಾರದ ಅಂಗಡಿಯಿದ್ದು, ತೀರ್ಥರೂಪರು ಕಟ್ಟಿದ ಆ ವ್ಯವಹಾರವನ್ನು ಈಗ ನಾವು ಮೂವರು ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ನಡೆಸುತ್ತಿದ್ದೇವೆ. ದರ ಕೈಹಿಡಿದ ಈ ಕೆಲವು ವರ್ಷಗಳಲ್ಲಿ ಉಳಿದದ್ದರಲ್ಲಿ ವರ್ಷಕ್ಕೆ 2,40,000 ರೂಪಾಯಿಯನ್ನು ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಕೇರಿಗಳ ಮತ್ತು ಗೌಳಿ ದಡ್ಡಿಗಳ (ದನ ಸಾಕುವ ಗೌಳಿಗರ ಹಟ್ಟಿಗಳ) ಮಕ್ಕಳ ಓದಿಗೆ ತೆಗೆದಿಡಬೇಕೆಂದು ಮನೆಯಲ್ಲಿ ಮಾತಾಗಿದೆ. ಒಂದು ಮಗುವಿಗೆ ತಿಂಗಳಿಗೆ 1,000 ರೂಪಾಯಿಯಂತೆ 20 ಮಕ್ಕಳನ್ನು ಅಂಗಡಿಯ ಹೆಸರಿನಲ್ಲಿ ದತ್ತು ಪಡೆಯುವುದು, ವರ್ಷಕ್ಕೊಮ್ಮೆ ಅವರನ್ನು ಶಿರಸಿಗೆ ಕರೆಸಿ ಸಣ್ಣದೊಂದು ಸಮಾರಂಭ ಮಾಡುವುದು, ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರಿನ ಒಂದು ಪುಟದಲ್ಲಿ ಅವರ ಭಾವಚಿತ್ರ ಹಾಕಿಸುವುದು ನನ್ನ ಯೋಚನೆ. ಇದರಲ್ಲಿ ಪ್ರಚಾರದ ಆಸೆ ಸ್ವಲ್ಪವೂ ಇಲ್ಲವೆಂದರೆ ಸುಳ್ಳಾದೀತು. ನಮ್ಮನ್ನು ನೋಡಿ ಪೇಟೆಯ ಇನ್ನೂ ನಾಲ್ಕು ಅಂಗಡಿಯವರು ಮುಂದೆ ಬಂದಾರೆಂಬ ಆಸೆಯೂ ಅದರಲ್ಲಿ ಸೇರಿದೆ.

ತಮ್ಮನ ಅಭಿಪ್ರಾಯ ಬೇರೆ. ಒಂದೊಂದು ಮಗುವಿಗೆ ಹಣ ಕೊಟ್ಟು ಏನು ಸಾಧಿಸಿದಂತಾಯಿತು, ಶಾಲೆಗೆ ಒಂದು ಕೊಠಡಿ ಕಟ್ಟಿಸಿಕೊಟ್ಟರೆ ನಾಲ್ಕು ಕಾಲ ಉಳಿಯುತ್ತದೆ ಎಂಬುದು ಅವನ ವಾದ. ಯಾರ ಮಾತು ಸರಿ, ಹಣವನ್ನು ಯಾವ ದಾರಿಯಿಂದ ಕೊಡಬೇಕು, ತೆರಿಗೆಯ ಲೆಕ್ಕ ಹೇಗೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಮುಖ್ಯಾಧ್ಯಾಪಕಿ, ಯಲ್ಲಾಪುರ

ಮಾನ್ಯರೇ, ನಿಮ್ಮ ಮನಸ್ಸು ದೊಡ್ಡದು, ಆದರೆ 20 ಎಂಬ ಸಂಖ್ಯೆಯೂ ಅಷ್ಟೇ ದೊಡ್ಡದಾಯಿತು. ಜೊತೆಗೆ ದತ್ತು ಎಂಬ ಪದವನ್ನು ದಯವಿಟ್ಟು ಬಿಟ್ಟುಬಿಡಿ. ಆ ಮಕ್ಕಳಿಗೆ ತಂದೆ ತಾಯಿ ಇದ್ದಾರೆ. ದಿನವಿಡೀ ಬೇರೆಯವರ ತೋಟದಲ್ಲಿ ದುಡಿದು ಮಕ್ಕಳನ್ನು ಸಾಕುತ್ತಿರುವವರ ಎದುರು ನಿಂತು ಮಗುವನ್ನು ದತ್ತು ಪಡೆದಿದ್ದೇವೆ ಎಂದರೆ ಅವರಿಗೆ ಹೇಗಾಗಬೇಡ?

ನಾನು ಕಾಡಿನ ಅಂಚಿನ ಶಾಲೆಗಳಲ್ಲಿ ಬಹಳ ವರ್ಷ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ಇದ್ದವಳು. ಮಗು ಎಲ್ಲಿ ಓದು ಬಿಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ನಿಮ್ಮ ಹಣ ಎಲ್ಲಿ ಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ, ಹಾಲು ಇವೆಲ್ಲ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದವರೆಗೆ ಓದು ಉಚಿತ. ಹೀಗಿರುವಾಗ ಮೂರನೇ ತರಗತಿಯ ಮಗುವಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟರೆ ಅದು ಮನೆಯ ಅಕ್ಕಿ ಬೇಳೆಗೆ ಹೋಗುತ್ತದೆ. ಹೋಗಲಿ, ತಪ್ಪೇನಿಲ್ಲ, ಆದರೆ ನೀವು ಅಂದುಕೊಂಡ ಕೆಲಸ ಅದರಿಂದ ಆಗಲಾರದು. ನಮ್ಮ ಕಡೆಯ ಮಕ್ಕಳು ಶಾಲೆ ಬಿಡುವುದು ಏಳನೇ ತರಗತಿಯ ನಂತರ. ಊರಿನ ಹಿರಿಯ ಪ್ರಾಥಮಿಕ ಶಾಲೆ ಅಲ್ಲಿಗೆ ಮುಗಿಯುತ್ತದೆ. ಪ್ರೌಢಶಾಲೆಗೆ ಹೋಗಬೇಕೆಂದರೆ ಕಾಡುದಾರಿಯಲ್ಲಿ ನಡೆದು, ಹಳ್ಳ ದಾಟಿ, ಡಾಂಬರು ರಸ್ತೆಗೆ ಬಂದು ಬಸ್ಸಿಗೆ ಕಾಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಉಚಿತವಾದದ್ದು ನಿಜ, ಆದರೆ ಬಸ್ಸೇ ಬಾರದ ದಡ್ಡಿಯ ಹುಡುಗಿಗೆ ಉಚಿತ ಟಿಕೆಟ್ ಇದ್ದರೇನು, ಇಲ್ಲದಿದ್ದರೇನು? ಮಳೆಗಾಲದಲ್ಲಿ ಒಂದು ವಾರ ತಪ್ಪಿತೆಂದರೆ ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ಮಗು ನಾಚಿಕೆಯಿಂದ ಮನೆಯಲ್ಲೇ ಉಳಿಯುತ್ತದೆ, ಅಷ್ಟರೊಳಗೆ ಕೊನೆಕೊಯ್ಲು (ಅಡಿಕೆ ಗೊನೆಗಳ ಕಟಾವು) ಆರಂಭವಾಗಿ ಅಡಿಕೆ ಸುಲಿಯಲು ಹೋಗುವ ತಾಯಿಯ ಜೊತೆ ಅದೂ ಹೊರಟುಬಿಡುತ್ತದೆ.

ಆದ್ದರಿಂದ ಎಂಟನೇ ತರಗತಿಗೆ ಕಾಲಿಡುವ ಮಕ್ಕಳನ್ನೇ ಆರಿಸಿಕೊಳ್ಳಿ, ಎಂಟು ಮಕ್ಕಳು ಸಾಕು, ಮತ್ತು ದ್ವಿತೀಯ ಪಿಯುಸಿ ಮುಗಿಯುವವರೆಗೆ ಅವರ ಕೈ ಬಿಡಬೇಡಿ. ಹಾಸ್ಟೆಲ್ ಸಿಕ್ಕವರಿಗೆ ಹಾಸಿಗೆ, ಸ್ವೆಟರ್, ರಜೆಗೆ ಊರಿಗೆ ಹೋಗಿಬರುವ ಖರ್ಚು. ಸಿಗದವರಿಗೆ ಪೇಟೆಯಲ್ಲಿ ನಂಬಿಕಸ್ಥ ಮನೆಯೊಂದರಲ್ಲಿ ಊಟ ವಸತಿಯ ವ್ಯವಸ್ಥೆ. ಎಲ್ಲರಿಗೂ ಗಣಿತ ಮತ್ತು ಇಂಗ್ಲಿಷ್ ಹೇಳಿಕೊಡಲು ಸಂಜೆಗೊಬ್ಬರು ಮಾಸ್ತರು. ಕನ್ನಡವೂ ಆ ಮಕ್ಕಳ ಮನೆಮಾತಲ್ಲ ಎಂಬುದು ನೆನಪಿರಲಿ: ಸಿದ್ದಿಯರ ಮನೆಯಲ್ಲಿ ಕೊಂಕಣಿ, ಗೌಳಿಗರ ಮನೆಯಲ್ಲಿ ಮರಾಠಿ ಬೆರೆತ ಮಾತು.

ಇನ್ನೊಂದು ವಿಚಾರವನ್ನು ಬಹಳ ಜನ ದಾನಿಗಳು ಕೇಳಿಯೇ ಇರುವುದಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಯೋಜನೆಯೆಂಬುದಿದ್ದು, ತಂದೆಯನ್ನು ಕಳೆದುಕೊಂಡ ಮಕ್ಕಳು, ಅನಾಥರಾಗಿ ಬಂಧುಗಳ ಮನೆಯಲ್ಲಿರುವವರು, ತಂದೆ ತಾಯಿ ಗಂಭೀರ ಕಾಯಿಲೆಯಲ್ಲಿರುವವರು ಮೊದಲಾದವರಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ. ಕುಟುಂಬದ ವಾರ್ಷಿಕ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಸಲ್ಲಬೇಕಾದದ್ದು ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅರ್ಹ ಮಗುವಿಗೆ ಇದನ್ನು ಕೊಡಿಸಲು ನಿಮ್ಮ ಗುಮಾಸ್ತರೊಬ್ಬರು ನಾಲ್ಕು ಸಲ ಓಡಾಡಿದರೆ ಅಂಗಡಿಯ ಒಂದು ರೂಪಾಯಿಯೂ ಹೋಗದೆ ವರ್ಷಕ್ಕೆ 48,000 ರೂಪಾಯಿ ಆ ಮನೆ ಸೇರುತ್ತದೆ. ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಆ ಮಕ್ಕಳಿಗೆ ವಿದ್ಯಾರ್ಥಿವೇತನವಿದೆ, ಆದರೆ ಜಾತಿ ಪ್ರಮಾಣಪತ್ರ ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯ ತೊಡಕಿನಲ್ಲಿ ಅದು ನಿಂತಿರುತ್ತದೆ. ಗೌಳಿಗರೂ, ಕಾಡಂಚಿನ ಕೃಷಿಕರಾದ ಕುಣಬಿಗಳೂ ಆ ಪಟ್ಟಿಯಲ್ಲಿಲ್ಲ. ನಿಮ್ಮ ಹಣಕ್ಕೆ ನಿಜವಾದ ಕೆಲಸವಿರುವುದು ಅವರ ಮಕ್ಕಳ ಹತ್ತಿರ.

ಉತ್ತರ: ಲೆಕ್ಕಪರಿಶೋಧಕ, ಕಾರವಾರ

ತೆರಿಗೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಹೇಳುವ ಕಡ್ಡಾಯ ಸಾಮಾಜಿಕ ಹೊಣೆಗಾರಿಕೆ, ಅಂದರೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಖರ್ಚು ಮಾಡಬೇಕೆಂಬ ನಿಯಮ, 500 ಕೋಟಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಗಳಿಗೆ ಅನ್ವಯಿಸುತ್ತದೆ. ನಿಮ್ಮದು ಪಾಲುದಾರಿಕೆ ಸಂಸ್ಥೆಯಾದ್ದರಿಂದ ಅದರ ಗೊಡವೆಯಿಲ್ಲ. ನೀವು ಕೊಡುವುದು ಶುದ್ಧ ದಾನ.

ಮಗುವಿನ ಅಥವಾ ಪೋಷಕರ ಖಾತೆಗೆ ನೇರವಾಗಿ ಕೊಟ್ಟ ಹಣಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಡಿ ಮಾನ್ಯತೆ ಪಡೆದ ಟ್ರಸ್ಟಿಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟ ಮೊತ್ತದ ಅರ್ಧ ಭಾಗ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಒಟ್ಟು ಆದಾಯದ ಶೇ. 10ರ ಮಿತಿಯಿದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ ಅಲ್ಲಿಂದ ಮುಂದೆ ಕಲಮಿನ ಸಂಖ್ಯೆ ಬೇರೆ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ರಿಯಾಯಿತಿಯಿಲ್ಲ. ಟ್ರಸ್ಟಿನವರು ನಿಗದಿತ ನಮೂನೆಯ (1961ರ ಕಾಯ್ದೆಯಲ್ಲಿ 10ಬಿಇ) ದೇಣಿಗೆ ಪ್ರಮಾಣಪತ್ರ ಕೊಡದಿದ್ದರೆ ಅವರ ರಸೀದಿ ಪುಸ್ತಕ ಎಷ್ಟೇ ಚೆಂದವಾಗಿದ್ದರೂ ಪ್ರಯೋಜನಕ್ಕೆ ಬಾರದು. ನಿಮ್ಮ 2,40,000ದಲ್ಲಿ 1,20,000 ಕಳೆದು, ಸಂಸ್ಥೆಗೆ ಶೇ. 30ರ ದರವಿರುವುದರಿಂದ, ಸೆಸ್ ಬಿಟ್ಟು 36,000 ರೂಪಾಯಿ ತೆರಿಗೆ ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿರುವ ಪಾಲುದಾರರು ತಮ್ಮ ಸ್ವಂತ ಹೆಸರಿನಲ್ಲಿ ಕೊಟ್ಟರೆ ಅಷ್ಟೂ ಇಲ್ಲ. ಈ 36,000ಕ್ಕಾಗಿ ಪರಿಚಯವಿಲ್ಲದ ಟ್ರಸ್ಟನ್ನು ಹುಡುಕಬೇಕೇ, ಅದನ್ನು ಬಿಟ್ಟು ನೀವೇ ಮುಂದೆ ನಿಂತು ಖರ್ಚು ಮಾಡಬೇಕೇ ಎಂಬುದು ನಿಮ್ಮ ತೀರ್ಮಾನ. ನಾನಾದರೆ ಎರಡನೆಯದನ್ನು ಆರಿಸಿಕೊಳ್ಳುತ್ತಿದ್ದೆ, ಲೆಕ್ಕಪರಿಶೋಧಕನ ಬಾಯಲ್ಲಿ ಈ ಮಾತು ಬರಬಾರದಾಗಿತ್ತು.

ಅಡಿಕೆಯ ದರ ನಿಮಗೇ ಚೆನ್ನಾಗಿ ಗೊತ್ತು. ಮಗುವಿನ ಹೆಸರು ಬರೆದುಕೊಳ್ಳುವ ಮೊದಲು ಒಂದು ಇಡೀ ವರ್ಷದ ಮೊತ್ತವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ದರ ಬಿದ್ದ ವರ್ಷಕ್ಕಲ್ಲದೆ ಬೇರೆ ಯಾವ ಕಾರಣಕ್ಕೂ ಅದನ್ನು ಮುಟ್ಟಬಾರದೆಂದು ಮೂವರೂ ಬರೆದು ಸಹಿ ಮಾಡಿ.

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕ, ಕುಮಟಾ

ನಿಮ್ಮ ತಮ್ಮನವರ ಸಂಶಯ ಹೊಸದಲ್ಲ. ಒಂದು ಮಗುವಿಗೆ ಒಬ್ಬ ದಾನಿ ಎಂಬ ಪದ್ಧತಿ ಬೆಳೆದದ್ದು ಯುದ್ಧಗಳ ಕಾಲದಲ್ಲಿ; ಇಂದು ಪ್ಲಾನ್ ಇಂಟರ್‌ನ್ಯಾಷನಲ್ ಎನಿಸಿಕೊಂಡಿರುವ ಸಂಸ್ಥೆ 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ಹುಟ್ಟಿಕೊಂಡಿತು. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಕಂಪ್ಯಾಷನ್ ಇಂಟರ್‌ನ್ಯಾಷನಲ್ ಸಂಸ್ಥೆಯ ನೆರವು ಪಡೆದು ದೊಡ್ಡವರಾದವರನ್ನು ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಹುಡುಕಿ, ನೆರವು ಪಡೆಯದ ಅವರ ಒಡಹುಟ್ಟಿದವರು ಮತ್ತು ನೆರೆಹೊರೆಯವರೊಂದಿಗೆ ಹೋಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರು ಸರಾಸರಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಒಂದೂವರೆ ವರ್ಷವೆಂದರೆ ಕಡಿಮೆಯೆನಿಸಬಹುದು, ಆದರೆ ಏಳನೆಯಲ್ಲಿ ನಿಲ್ಲುತ್ತಿದ್ದ ಮಗು ಪ್ರೌಢಶಾಲೆಯ ಬಾಗಿಲು ದಾಟುವುದು ಆ ಅಂತರದಲ್ಲೇ. ಅದೇ ಸಂಸ್ಥೆ ವಿದೇಶಿ ದೇಣಿಗೆಯ ನಿಯಮಗಳ ತೊಡಕಿನಿಂದ 2017ರಲ್ಲಿ ಭಾರತದ ಕೆಲಸವನ್ನು ನಿಲ್ಲಿಸಿದಾಗ ಲಕ್ಷಕ್ಕೂ ಹೆಚ್ಚು ಮಕ್ಕಳ ನೆರವು ನಡುವೆಯೇ ಕಡಿಯಿತು. ಯಲ್ಲಾಪುರದ ಅಕ್ಕೋರು ಕೈ ಬಿಡಬೇಡಿ ಎಂದದ್ದನ್ನೂ, ಕಾರವಾರದವರು ಠೇವಣಿ ಇಡಿ ಎಂದದ್ದನ್ನೂ ನಾನು ಒಂದೇ ಮಾತಾಗಿ ಓದಿಕೊಂಡೆ.

ಕೊಠಡಿಯ ವಿಷಯವಾಗಿ ಒಂದೇ ಮಾತು: ನಮ್ಮ ಜಿಲ್ಲೆಯಲ್ಲಿ ಕೊಠಡಿಗಳಿದ್ದು ಮಕ್ಕಳಿಲ್ಲದ ಶಾಲೆಗಳು ಬೇಕಾದಷ್ಟಿವೆ.

ಉತ್ತರ: ಒಮ್ಮೆ ನೆರವು ಪಡೆದವಳು, ಅಂಕೋಲಾ

ನನ್ನ ಓದಿಗೆ ಪೇಟೆಯ ಒಂದು ಅಂಗಡಿಯವರು ಎಂಟನೇ ತರಗತಿಯಿಂದ ಹಣ ಕೊಟ್ಟರು. ಅವರ ಉಪಕಾರವನ್ನು ನಾನು ಮರೆತಿಲ್ಲ, ಈಗ ನರ್ಸ್ ಆಗಿ ದುಡಿಯುತ್ತಿರುವುದಕ್ಕೂ ಅದು ಕಾರಣ. ಆದರೆ ಪ್ರತಿವರ್ಷ ವೇದಿಕೆಯ ಮೇಲೆ ನಿಲ್ಲಿಸಿ, ನೀಲಗಿರಿ ತೈಲದ ಬಾಟಲಿಯನ್ನೂ ಕಂಪಾಸ್ ಪೆಟ್ಟಿಗೆಯನ್ನೂ ಹಾಕಿದ ಒಂದು ಚೀಲ ಕೊಟ್ಟು, ತಂದೆಯ ಕುಡಿತದ ಕಥೆಯನ್ನು ಮೈಕಿನಲ್ಲಿ ಹೇಳುತ್ತಿದ್ದರು. ಅಪ್ಪ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಫೋಟೋ ಅಂಗಡಿಯ ಗೋಡೆಯ ಮೇಲಿತ್ತು. ಪೇಟೆಗೆ ಹೋದಾಗಲೆಲ್ಲ ನಾನು ಆ ಬೀದಿಯನ್ನು ತಪ್ಪಿಸಿ, ಸುತ್ತುಬಳಸಿ ಬಸ್ ನಿಲ್ದಾಣ ಸೇರುತ್ತಿದ್ದೆ. ಪ್ರಥಮ ಪಿಯುಸಿಯ ನಡುವೆ, ಪಾಲುದಾರರು ಬೇರೆಯಾದ ಕಾರಣ ಹಣ ನಿಂತಿತು. ಯಾರೂ ಒಂದು ಕಾಗದವನ್ನೂ ಬರೆಯಲಿಲ್ಲ, ಶುಲ್ಕ ಕಟ್ಟಿಲ್ಲವೆಂದು ಕಾಲೇಜಿನ ಗುಮಾಸ್ತರು ಹೇಳಿದಾಗಲೇ ನಮಗೆ ತಿಳಿದದ್ದು. ಮುಂದಿನ ಶುಲ್ಕ ಅಮ್ಮನ ಕರಿಮಣಿಯ ಚಿನ್ನದ ಗುಂಡುಗಳಿಂದ ಬಂತು.

ಕ್ಯಾಲೆಂಡರ್ ಬೇಡ ಸಾರ್. ಗಿರಾಕಿಗಳಿಗೆ ಹೇಳಲೇಬೇಕಿದ್ದರೆ ಎಷ್ಟು ಮಕ್ಕಳು, ಎಷ್ಟು ಹಣ, ಎಷ್ಟು ಜನ ಎಸ್ಸೆಸ್ಸೆಲ್ಸಿ ಮುಗಿಸಿದರು ಎಂಬುದನ್ನು ಅಚ್ಚು ಹಾಕಿಸಿ. ಕಾನೂನಿನ ಮಾತಿಗೆ ಬಂದರೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ವಿವರಗಳಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಆದರೆ ನಿಮ್ಮಿಂದ ಹಣ ಪಡೆಯುವ ತಂದೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಇರುತ್ತಾನೆಯೇ?

ಉತ್ತರ: ಓದುಗ, ಸಿದ್ದಾಪುರ

ನಿಮ್ಮ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲರ, ಅಡಿಕೆ ಆರಿಸುವ ಹೆಂಗಸರ ಮಕ್ಕಳು ಎಷ್ಟನೇ ತರಗತಿಯಲ್ಲಿದ್ದಾರೆ? ಮುಂಡಗೋಡಕ್ಕೆ ಹೋಗುವ ಮೊದಲು ಅದೊಂದನ್ನು ವಿಚಾರಿಸಬಹುದಿತ್ತು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಸಿದ್ದಾಪುರದವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದು ಬೆಳಿಗ್ಗೆ ವಿಚಾರಿಸಿದೆ. ನಮ್ಮಲ್ಲಿ ದುಡಿಯುವವರ ಮಕ್ಕಳಲ್ಲಿ ಇಬ್ಬರು ಒಂಬತ್ತನೆಯಲ್ಲಿದ್ದಾರೆ. ಒಬ್ಬ ಹುಡುಗ ಕಳೆದ ವರ್ಷವೇ ಶಾಲೆ ಬಿಟ್ಟು ನಮ್ಮದೇ ಬೀದಿಯ ಗ್ಯಾರೇಜಿನಲ್ಲಿದ್ದಾನೆ. ದಿನಾಲೂ ಅವನನ್ನು ನೋಡುತ್ತಿದ್ದೆ, ಯಾರ ಮಗನೆಂದು ಕೇಳಿರಲಿಲ್ಲ. ಈ ಮೂವರಿಂದ ಆರಂಭಿಸಿ, ಉಳಿದ ಐವರನ್ನು ಗೌಳಿ ದಡ್ಡಿಗಳಿಂದ ಆರಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಮೊದಲ ವರ್ಷದ 2,40,000 ಠೇವಣಿಗೆ ಹೋಗಲಿದೆ, ಮುಂದಿನ ವರ್ಷದ್ದು ಮಕ್ಕಳಿಗೆ. ಆದರೆ ಗ್ಯಾರೇಜಿನ ಹುಡುಗನಿಗೆ ಅಲ್ಲಿಯವರೆಗೆ ಕಾಯುವಷ್ಟು ಸಮಯವಿಲ್ಲದ್ದರಿಂದ ಅವನ ಖರ್ಚನ್ನು ನಾನೇ ನೋಡಿಕೊಳ್ಳುತ್ತೇನೆ. ಕ್ಯಾಲೆಂಡರಿನ ಆ ಪುಟಕ್ಕೆ ಪ್ರತಿವರ್ಷದಂತೆ ಮಾರಿಕಾಂಬೆಯ ಚಿತ್ರವನ್ನೇ ಹಾಕಲು ಪ್ರೆಸ್ಸಿನವರಿಗೆ ಹೇಳಿಯಾಯಿತು. ಅಂಕೋಲೆಯ ತಂಗಿಯ ಪತ್ರವನ್ನು ತಮ್ಮಂದಿರಿಬ್ಬರಿಗೂ ಓದಿ ಹೇಳಿದೆ. ನಾಳೆ ನಾವು ಮೂವರು ಬೇರೆಯಾದರೂ ಈ ಹಣ ನಿಲ್ಲಬಾರದೆಂಬ ಒಂದು ಸಾಲನ್ನು ಪಾಲುದಾರಿಕೆ ಪತ್ರದಲ್ಲಿ ಸೇರಿಸಬಹುದೇ ಎಂದು ಲೆಕ್ಕಪರಿಶೋಧಕರು ತಿಳಿಸಬೇಕು.

ಅಕ್ಕೋರೇ, ದಡ್ಡಿಗಳಿಗೆ ಹೋಗಲು ಯಾವ ಕಾಲ ಒಳ್ಳೆಯದು? ಡಿಸೆಂಬರಿನಲ್ಲಿ ಹೋಗೋಣವೆಂದಿದ್ದೇವೆ.

ಉತ್ತರ: ನಿವೃತ್ತ ಮುಖ್ಯಾಧ್ಯಾಪಕಿ, ಯಲ್ಲಾಪುರ

ಡಿಸೆಂಬರಿನಲ್ಲಿ ಜೀಪು ಅಂಗಳದವರೆಗೂ ಹೋಗುತ್ತದೆ, ಮಕ್ಕಳು ಬಿಸಿಲಿನಲ್ಲಿ ಆಡುತ್ತಿರುತ್ತಾರೆ, ಎಲ್ಲವೂ ಸರಿಯಾಗಿಯೇ ಇದೆಯೆಂದು ತೋರುತ್ತದೆ. ಜುಲೈಯಲ್ಲಿ ಬನ್ನಿ, ಜೀಪನ್ನು ರಸ್ತೆಯಲ್ಲೇ ಬಿಟ್ಟು ಮಕ್ಕಳು ಬರುವ ದಾರಿಯಲ್ಲಿ ನಡೆಯೋಣ. ನಾನು ಜೊತೆಗೆ ಬರುತ್ತೇನೆ. ಉಂಬಳ (ಜಿಗಣೆ) ವಿಪರೀತ ಇರುವುದರಿಂದ ಸುಣ್ಣವನ್ನೂ ತಂಬಾಕಿನ ಪುಡಿಯನ್ನೂ ತರಲು ಮರೆಯಬೇಡಿ.