ವಾಲ್ವ್ ರೇಡಿಯೊ: ಫಿಲ್ಟರ್ ಕೆಪಾಸಿಟರ್ ಬದಲಿಸಿದರೂ ಎಚ್‌ಟಿ 250ರ ಬದಲು 200 ವೋಲ್ಟ್, ಇಎಲ್84 ಕೆಂಪಾಗುತ್ತಿದೆ

ಹಳೇಸೆಟ್:
ಎಲ್ಲರಿಗೂ ನಮಸ್ಕಾರ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಸೆಟ್. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಇಝೆಡ್80, ಔಟ್‌ಪುಟ್ (ಸ್ಪೀಕರ್‌ಗೆ ಸದ್ದು ಕೊಡುವ ವಾಲ್ವ್) ಇಎಲ್84. ಮೊದಲು ಗುಂಯ್ ಅನ್ನುವ ಸದ್ದು ಜೋರಾಗಿತ್ತು. ಎರಡೂ ಫಿಲ್ಟರ್ ಕೆಪಾಸಿಟರ್ ಹೊಸದು ಹಾಕಿದೆ, ಸದ್ದು ಬಹಳ ಕಡಿಮೆಯಾಯಿತು. ಆದರೆ ಎಚ್‌ಟಿ (ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) 200 ವೋಲ್ಟ್ ದಾಟುತ್ತಿಲ್ಲ. ಸರ್ಕ್ಯೂಟ್‌ನಲ್ಲಿ 250 ಅಂತ ಇದೆ. ಮೇನ್ಸ್ ಲೈನ್‌ಗೆ ಸೀರೀಸ್‌ನಲ್ಲಿ 60 ವ್ಯಾಟ್ ಬಲ್ಬ್ ಇಟ್ಟರೆ ಮೊದಲು ಮಂಕಾಗಿರುತ್ತದೆ, ವಾಲ್ವ್‌ಗಳು ಬಿಸಿಯಾಗುತ್ತಿದ್ದಂತೆ ಪ್ರಕಾಶ ಏರುತ್ತದೆ. ಕತ್ತಲಲ್ಲಿ ನೋಡಿದರೆ ಇಎಲ್84 ಆನೋಡ್ (ಒಳಗಿನ ಲೋಹದ ಪ್ಲೇಟ್) ನಸುಗೆಂಪು. ಟ್ರಾನ್ಸ್‌ಫಾರ್ಮರ್ ಹೋಗಿದೆಯಾ?

ಡಯೋಡ್‌ಪ್ರೇಮಿ:
ಇಝೆಡ್80 ಸವೆದಿರಬೇಕು. ಅದನ್ನು ತೆಗೆದು ಎರಡು ಸಿಲಿಕಾನ್ ಡಯೋಡ್ ಹಾಕಿಬಿಡಿ ಸರ್, ವೋಲ್ಟೇಜ್ ತಾನಾಗಿ ಏರುತ್ತದೆ.

ಕ್ಯಾಥೋಡ್:
ದಯವಿಟ್ಟು ಈಗಲೇ ಡಯೋಡ್ ಹಾಕಬೇಡಿ. ಸವೆದ ರೆಕ್ಟಿಫೈಯರ್ ಆಗಿದ್ದರೆ ವೋಲ್ಟೇಜ್ ಇಳಿಯುತ್ತಿತ್ತು ನಿಜ, ಆದರೆ ಇಎಲ್84 ಕೆಂಪಾಗುತ್ತಿರಲಿಲ್ಲ. ಇಲ್ಲಿ ಸಪ್ಲೈ ದುರ್ಬಲವಾಗಿಲ್ಲ, ಅದರಿಂದ ಯಾರೋ ಜಾಸ್ತಿ ಎಳೆಯುತ್ತಿದ್ದಾರೆ. ಡಯೋಡ್ ಹಾಕಿದರೆ ಇನ್ನೂ ಜಾಸ್ತಿ ಎಳೆಯಲು ದಾರಿ ಮಾಡಿಕೊಟ್ಟಂತೆ. ಜೊತೆಗೆ ವಾಲ್ವ್‌ಗಳು ಬಿಸಿಯಾಗುವ ಮೊದಲೇ ಪೂರ್ತಿ ವೋಲ್ಟೇಜ್ ಕೆಪಾಸಿಟರ್‌ಗಳ ಮೇಲೆ ಬೀಳುತ್ತದೆ.

ಮೊದಲು ಟ್ರಾನ್ಸ್‌ಫಾರ್ಮರ್ ಅನುಮಾನ ಮುಗಿಸಿ. ಸೆಟ್ ಆಫ್ ಮಾಡಿ, ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳನ್ನು 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಟ ಬೇಡ. ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕಿ. ಇಝೆಡ್80 ಕಿತ್ತು, ಬಲ್ಬ್ ಸಮೇತ ಮತ್ತೆ ಆನ್ ಮಾಡಿ. ಬಲ್ಬ್ ಮಂಕಾಗಿಯೇ ಉಳಿದು, ಅದರ ಸಾಕೆಟ್‌ನ ಎರಡು ಆನೋಡ್ ಪಿನ್‌ಗಳಿಂದ ಸೆಂಟರ್ ಟ್ಯಾಪ್‌ಗೆ (ಟ್ರಾನ್ಸ್‌ಫಾರ್ಮರ್ ಸುರುಳಿಯ ನಡುವಿನ ತಂತಿಗೆ) ಎಸಿ ಹೆಚ್ಚುಕಡಿಮೆ ಒಂದೇ ಬಂದರೆ ಟ್ರಾನ್ಸ್‌ಫಾರ್ಮರ್ ಬಹುತೇಕ ಚೆನ್ನಾಗಿದೆ.

ಆಮೇಲೆ ಇಎಲ್84ರ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ಭಾಗ) ಮತ್ತು ಕಂಟ್ರೋಲ್ ಗ್ರಿಡ್ (ಕರೆಂಟ್ ಎಷ್ಟು ಹರಿಯಬೇಕೆಂದು ಹಿಡಿತದಲ್ಲಿಡುವ ಭಾಗ) ವೋಲ್ಟೇಜ್ ಹೇಳಿ. ಕ್ಯಾಥೋಡ್ ರೆಸಿಸ್ಟರ್ ಬೆಲೆಯೂ ಬೇಕು. ಇದನ್ನು ಬಲ್ಬ್ ತೆಗೆದು ಅಳೆಯಬೇಕು, ಇಲ್ಲದಿದ್ದರೆ ಎಲ್ಲ ಅಂಕಿಗಳೂ ಸುಳ್ಳು. ಬೇಗ ಅಳೆದು ಆಫ್ ಮಾಡಿ.

ಹಳೇಸೆಟ್:
ಇಝೆಡ್80 ತೆಗೆದಾಗ ಬಲ್ಬ್ ಮಂಕು, ಎರಡೂ ಕಡೆ ಎಸಿ ಸಮ. ಮತ್ತೆ ಹಾಕಿ ಅಳೆದದ್ದು: ಕ್ಯಾಥೋಡ್ 10.8 ವೋಲ್ಟ್, ರೆಸಿಸ್ಟರ್ 135 ಓಮ್, ಗ್ರಿಡ್ +9 ವೋಲ್ಟ್. ಗ್ರಿಡ್‌ನಿಂದ ಚಾಸಿಗೆ (ಸೆಟ್‌ನ ಲೋಹದ ತಳಕ್ಕೆ) 470 ಕಿಲೋ ಓಮ್ ಇದೆ.

ಕ್ಯಾಥೋಡ್:
ಸಿಕ್ಕಿತು. ಗ್ರಿಡ್ ಸೊನ್ನೆಯ ಹತ್ತಿರ ಇರಬೇಕಿತ್ತು, ಪಾಸಿಟಿವ್ ಆದಷ್ಟೂ ವಾಲ್ವ್ ಜಾಸ್ತಿ ಎಳೆಯುತ್ತದೆ. 10.8 ಅನ್ನು 135ರಿಂದ ಭಾಗಿಸಿ: 80 ಮಿಲಿಆಂಪ್. 250 ವೋಲ್ಟ್‌ನಲ್ಲಿ ಈ ವಾಲ್ವ್‌ಗೆ ಆನೋಡ್ 48, ಸ್ಕ್ರೀನ್ 5.5 ಮಿಲಿಆಂಪ್ ಸಾಕು. ಇಝೆಡ್80 ಕೊಡಬಲ್ಲದ್ದೇ ಹೆಚ್ಚೆಂದರೆ 90. ಉಳಿದ ವಾಲ್ವ್‌ಗಳದ್ದೂ ಸೇರಿದರೆ ಅದು ಅಂಚಿಗೆ ಬಂದಿದೆ. ಎಚ್‌ಟಿ ಕುಸಿಯದೆ ಇನ್ನೇನಾಗುತ್ತದೆ!

ಹಿಂದಿನ ವಾಲ್ವ್‌ನ ಆನೋಡ್‌ನಿಂದ ಈ ಗ್ರಿಡ್‌ಗೆ ಬರುವ ಕಪ್ಲಿಂಗ್ ಕೆಪಾಸಿಟರ್ (ಸಿಗ್ನಲ್ ದಾಟಿಸಿ ಡಿಸಿ ತಡೆಯುವಂಥದ್ದು) ನೋಡಿ. ಹಳೆಯ ಪೇಪರ್ ಕೆಪಾಸಿಟರ್ ಆಗಿದ್ದರೆ ನನಗೆ ಅನುಮಾನವೇ ಇಲ್ಲ. ಗ್ರಿಡ್ ಕಡೆಯ ತುದಿ ಬಿಚ್ಚಿ, ಆ ತುದಿಯಿಂದ ಚಾಸಿಗೆ ಡಿಸಿ ವೋಲ್ಟ್ ರೇಂಜ್‌ನಲ್ಲಿ ಮೀಟರ್ ಇಟ್ಟು ಆನ್ ಮಾಡಿ. ಒಳ್ಳೆಯದಾದರೆ ರೀಡಿಂಗ್ ಒಮ್ಮೆ ಏರಿ ಸೊನ್ನೆಗೆ ಇಳಿಯುತ್ತದೆ, ಸೋರುತ್ತಿದ್ದರೆ ನಿಂತೇ ಇರುತ್ತದೆ. ಓಮ್ ರೇಂಜ್‌ನಲ್ಲಿ ಅಳೆದು ತೃಪ್ತಿಪಡಬೇಡಿ. ಮೀಟರಿನ ಒಂದೆರಡು ವೋಲ್ಟ್‌ಗೆ ಕಾಣದ ಸೋರಿಕೆ ಕೆಲಸದ ವೋಲ್ಟೇಜ್‌ನಲ್ಲಿ ಕಾಣುತ್ತದೆ. ಕೆಪಾಸಿಟರ್ ಬಿಚ್ಚಿದ ಮೇಲೂ ಗ್ರಿಡ್ ಪಾಸಿಟಿವ್ ಆಗಿಯೇ ಇದ್ದರೆ ಮಾತ್ರ ಇಎಲ್84 ಮೇಲೆ ಅನುಮಾನ.

ಹಳೇಸೆಟ್:
ನೀವು ಹೇಳಿದ್ದೇ ಸರಿ. ರೀಡಿಂಗ್ ಇಳಿಯಲೇ ಇಲ್ಲ. 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಹಾಕಿದೆ. ಗ್ರಿಡ್ ಸೊನ್ನೆ, ಕ್ಯಾಥೋಡ್ 7.1, ಎಚ್‌ಟಿ 248. ಕೆಂಪು ಮಾಯ. ವಾಲ್ಯೂಮ್ ಪೂರ್ತಿ ಇಳಿಸಿದಾಗ ಸಣ್ಣ ಗುಂಯ್ ಮಾತ್ರ ಉಳಿದಿದೆ. ಮೊದಲ ಕೆಪಾಸಿಟರ್ 220 ಮೈಕ್ರೊಫ್ಯಾರಡ್ ಮಾಡಲಾ?

ಕ್ಯಾಥೋಡ್:
ಬೇಡ. ಇಝೆಡ್80 ನಂತರದ ಮೊದಲ ಕೆಪಾಸಿಟರ್ 50 ಮೈಕ್ರೊಫ್ಯಾರಡ್ ಮೀರಬಾರದು. ದೊಡ್ಡದಾದರೆ ಪ್ರತಿ ಸೈಕಲ್‌ನಲ್ಲೂ ರೆಕ್ಟಿಫೈಯರ್ ಒಮ್ಮೆಲೇ ಜಾಸ್ತಿ ಕರೆಂಟ್ ತಳ್ಳಬೇಕಾಗುತ್ತದೆ, ಪಾಪ ಅದರ ಆಯಸ್ಸು ಮುಗಿಯುತ್ತದೆ. ನಿಮ್ಮ ಮೇನ್ಸ್ 50 ಹರ್ಟ್ಜ್ ಆಗಿದ್ದರೆ ಫಿಲ್ಟರ್‌ನಿಂದ ಬರುವ ಸದ್ದು 100 ಹರ್ಟ್ಜ್. ಇನ್ನೂ ತಗ್ಗಿದ, 50 ಹರ್ಟ್ಜ್ ಸದ್ದಾದರೆ ಹೀಟರ್ ವೈರಿಂಗ್ ಅಥವಾ ಯಾವುದಾದರೂ ವಾಲ್ವ್‌ನ ಹೀಟರ್–ಕ್ಯಾಥೋಡ್ ಸೋರಿಕೆ ನೋಡಬೇಕು.

ಅಂದಹಾಗೆ, ಹಳೆಯ ಫಿಲ್ಟರ್ ಡಬ್ಬಿಯ ವೈರ್ ಬಿಚ್ಚಿದ್ದೀರಾ, ಇಲ್ಲ ಹೊಸದನ್ನು ಅದಕ್ಕೇ ಪ್ಯಾರಲಲ್ ಹಾಕಿದ್ದೀರಾ?

ಹಳೇಸೆಟ್:
ಪ್ಯಾರಲಲ್.

ಕ್ಯಾಥೋಡ್:
ಹಾಗಾದರೆ ಮೊದಲು ಅದನ್ನು ಬಿಚ್ಚಿ. ಡಬ್ಬಿ ಚಂದಕ್ಕೆ ಚಾಸಿ ಮೇಲೆ ಇರಲಿ, ಪಾಸಿಟಿವ್ ವೈರ್‌ಗಳು ಮಾತ್ರ ಅದರಿಂದ ಕಳಚಿ ಹೊಸ ಕೆಪಾಸಿಟರ್‌ಗೆ ಹೋಗಲಿ. ಹೊಸದರ ನೆಗೆಟಿವ್ ಹಳೆಯದರ ನೆಗೆಟಿವ್ ಇದ್ದ ಜಾಗಕ್ಕೇ ಬೆಸುಗೆ ಹಾಕಿ. ಆಮೇಲೂ ಸದ್ದು ಉಳಿದರೆ 50ರದ್ದೋ 100ರದ್ದೋ ಅಂತ ಕೇಳಿ ನೋಡಿ ಬರೆಯಿರಿ.