ಅಮೆರಿಕದಲ್ಲಿ ಹುಟ್ಟಿದ ಮಕ್ಕಳೊಂದಿಗೆ ಉಡುಪಿಗೆ ವಾಪಸ್: ಎಫ್‌ಆರ್‌ಆರ್‌ಒ ನೋಂದಣಿ ಬೇಕಾ, ಬೇಡವಾ?

ಪ್ರಶ್ನೆ, ನ್ಯೂಜೆರ್ಸಿಯಿಂದ

ನಮಸ್ಕಾರ. ಹದಿನಾಲ್ಕು ವರ್ಷ ಇಲ್ಲಿದ್ದು ಮುಂದಿನ ಮೇ ತಿಂಗಳಲ್ಲಿ ಉಡುಪಿಗೆ ವಾಪಸ್ ಬರುತ್ತಿದ್ದೇವೆ. ನನ್ನದೂ ಯಜಮಾನರದ್ದೂ ಇಂಡಿಯನ್ ಪಾಸ್‌ಪೋರ್ಟ್. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು, ಅವರದ್ದು ಅಮೆರಿಕದ ಪಾಸ್‌ಪೋರ್ಟ್. ಮಗಳಿಗೆ 13, ಅವಳಿಗೆ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ, ಕಾಯಂ ವೀಸಾದಂಥ ಕಾರ್ಡ್) ಉಂಟು. ಮಗನಿಗೆ 8. ಅವನಿಗೆ ಎಂಟ್ರಿ ವೀಸಾ ಮಾತ್ರ. ಒಸಿಐ ಮಾಡಿಸೋಣ, ಮಾಡಿಸೋಣ ಅಂತ ಹಾಗೇ ಉಳಿಯಿತು.

ಈಗ ನಮ್ಮ ಭಾವ ಫೋನ್ ಮಾಡಿ, ಬಂದ 14 ದಿನದೊಳಗೆ ಇಬ್ಬರನ್ನೂ ಪೊಲೀಸರ ಹತ್ತಿರ ಕರೆದುಕೊಂಡು ಹೋಗಿ ಹೆಸರು ಬರೆಸಬೇಕು, ಇಲ್ಲದಿದ್ದರೆ ದಂಡ ಅಂತ ಹೆದರಿಸಿದ್ದಾರೆ. ಸೇರಿಸಬೇಕೆಂದಿರುವ ಶಾಲೆಯವರೂ "ಎಫ್‌ಆರ್‌ಆರ್‌ಒ ಕಾಗದ ತನ್ನಿ" ಅನ್ನುತ್ತಿದ್ದಾರೆ, ಅಂದರೆ ವಿದೇಶಿಯರ ಹೆಸರು ನೋಂದಾಯಿಸುವ ಕೇಂದ್ರ ಸರ್ಕಾರದ ಕಚೇರಿಯದ್ದು. ಇದನ್ನೆಲ್ಲ ಮಾಡಿ ಮುಗಿಸಿದವರು ದಯವಿಟ್ಟು ಹೇಳಿ.

ಕದ್ರಿಯಿಂದ

ನಾವು 2022ರ ಜೂನ್‌ನಲ್ಲಿ ಬಂದೆವು. ನಿಮ್ಮದೇ ಲೆಕ್ಕ. ಮಗಳಿಗೆ ಒಸಿಐ, 7 ವರ್ಷದ ಮಗನಿಗೆ ಎಂಟ್ರಿ ವೀಸಾ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮಗಳ ವಿಷಯ. ಒಸಿಐ ಇದ್ದವರು ಎಷ್ಟೇ ದಿನ ಇದ್ದರೂ ಎಫ್‌ಆರ್‌ಆರ್‌ಒದಲ್ಲಿ ಹೆಸರು ಬರೆಸಬೇಕಾಗಿಲ್ಲ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯಲ್ಲಿ ಇದು ಸ್ಪಷ್ಟ ಉಂಟು. ಅದರಲ್ಲಿ ಒಂದೇ ಕೆಲಸ ಹೇಳಿದ್ದಾರೆ: ಇಲ್ಲಿ ನೆಲೆಸಿದವರು ಕಾಯಂ ವಿಳಾಸವೋ ಉದ್ಯೋಗವೋ ಬದಲಾದಾಗ ಎಫ್‌ಆರ್‌ಆರ್‌ಒಗೆ ಇಮೇಲ್ ಕಳುಹಿಸಬೇಕು. ನಾವು ಕದ್ರಿಯ ವಿಳಾಸ ಬರೆದು ನಾಲ್ಕು ಸಾಲಿನ ಮೇಲ್ ಹಾಕಿದೆವು, ಪ್ರತಿ ಇಟ್ಟುಕೊಂಡೆವು. ಮುಗಿಯಿತು. ಶಾಲೆಗೆ ಒಸಿಐ ಕಾರ್ಡ್ ಮತ್ತು ಪಾಸ್‌ಪೋರ್ಟ್ ಜೆರಾಕ್ಸ್ ಕೊಟ್ಟು, ಆ ಅಧಿಸೂಚನೆಯ ಪ್ರಿಂಟ್ ಕೂಡ ಕೊಟ್ಟೆ. ಶಾಲೆಯ ಆಫೀಸಿನವರಿಗೂ ಇದು ಹೊಸದು ಪಾಪ. ವಾದ ಮಾಡಬೇಡಿ, ಕಾಗದ ತೋರಿಸಿ.

ಇನ್ನು ಮಗ. ಭಾವ ಹೇಳಿದ 14 ದಿನ ಪೂರ್ತಿ ಸುಳ್ಳಲ್ಲ. 180 ದಿನಕ್ಕಿಂತ ಜಾಸ್ತಿ ಇರಲು ಬಂದ ವಿದೇಶಿಯರಿಗೆ ಇರುವ ನಿಯಮ ಅದು. ಮಣಿಪಾಲಕ್ಕೆ ಓದಲು ಬರುವ ಹೊರದೇಶದ ವಿದ್ಯಾರ್ಥಿಗಳು ಮಾಡಿಸುವುದು ಅದನ್ನೇ. ಆದರೆ ನಾವು ಬಂದಾಗ 12 ವರ್ಷದೊಳಗಿನ ಮಕ್ಕಳಿಗೆ ನೋಂದಣಿ ಬೇಡ ಅಂತಲೇ ಇತ್ತು. ಹಳೆಯ ಬರಹಗಳಲ್ಲಿ 16 ಅಂತ ಕಾಣಿಸುತ್ತದೆ, ಅದು ಹಿಂದಿನ ಮಾತು.

ನಾವು ಎಡವಿದ್ದು ಬೇರೆ ಕಡೆ. ನೋಂದಣಿ ಬೇಡ ಅಂದರೆ ವೀಸಾವೂ ಬೇಡ ಅಂತ ಅಲ್ಲ! ಒಬ್ಬರು ಏಜೆಂಟ್ "ಚಿಕ್ಕ ಮಗು ಅಲ್ವಾ, ಯಾರು ಕೇಳ್ತಾರೆ" ಅಂದಿದ್ದರು. ನಾವೂ ಸುಮ್ನೆ ಕುಳಿತೆವು. ಒಂದು ದಿನ ಶಾಲೆಯ ಪ್ರವಾಸಕ್ಕೆ ಅಂತ ಪಾಸ್‌ಪೋರ್ಟ್ ತೆಗೆದು ನೋಡಿದರೆ ವೀಸಾ ಮುಗಿಯಲು ಇಪ್ಪತ್ತೇ ದಿನ. ಆ ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ರೆ. ಇ-ಎಫ್‌ಆರ್‌ಆರ್‌ಒದಲ್ಲಿ ಆನ್‌ಲೈನಿನಲ್ಲೇ ವಿಸ್ತರಣೆಗೆ ಅರ್ಜಿ ಹಾಕಿದೆವು. 2018ರಿಂದ ಆ ವ್ಯವಸ್ಥೆ ಉಂಟು, ಕರೆದರೆ ಮಾತ್ರ ಹೋಗುವುದು. ಮಗುವಿನ ಫೋಟೊ, ಪಾಸ್‌ಪೋರ್ಟ್, ವೀಸಾ ಪುಟ, ನಮ್ಮ ಪಾಸ್‌ಪೋರ್ಟ್, ಮನೆಯ ವಿಳಾಸದ ಪುರಾವೆ, ಶಾಲೆಯ ಪತ್ರ, ಇಷ್ಟು ಹಾಕಿದೆವು. ವಿಚಾರಣೆಗೆ ಪೊಲೀಸರೊಬ್ಬರು ಮನೆಗೆ ಬಂದು ಕಾಗದ ನೋಡಿ, ಚಹಾ ಕುಡಿದು ಹೋದರು. ಪಕ್ಕದ ಮನೆಯ ಅಜ್ಜಿ ಮಾತ್ರ ಎರಡು ದಿನ ನಮ್ಮನ್ನು ಒಂದು ಥರಾ ನೋಡಿದರು.

ಅವಧಿ ಮೀರಿ ಉಳಿದರೆ ದಂಡ ಬರುತ್ತದೆ. ವಾಪಸ್ ಹೋಗುವಾಗ ಎಕ್ಸಿಟ್ ಪರ್ಮಿಟ್ (ದೇಶ ಬಿಡಲು ಅನುಮತಿ) ಬೇರೆ ಮಾಡಿಸಬೇಕು. ಮಗು ಅಂತ ಯಾರೂ ಬಿಡುವುದಿಲ್ಲ. ಹಾಗಾಗಿ ಈಗಲೇ ಮಗನ ವೀಸಾ ತೆಗೆದು ಅದರ ಮೇಲೆ ಮುದ್ರಿಸಿದ್ದನ್ನು ಓದಿ. ಕೊನೆಯ ದಿನಾಂಕ ಯಾವುದು, ಒಮ್ಮೆ ಬಂದರೆ 180 ದಿನ ಮಾತ್ರ ಅಂತ ಉಂಟಾ, ನೋಂದಣಿ ಬಗ್ಗೆ ಏನಾದರೂ ಸಾಲು ಉಂಟಾ. ನಿಮ್ಮ ಭಾವನಿಗಿಂತ, ನನಗಿಂತ, ಆ ಎರಡು ಸಾಲಿಗೆ ಬೆಲೆ ಜಾಸ್ತಿ.

ಬಲ್ಮಠದಿಂದ

ಕದ್ರಿಯವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳು ಹೋದವು. ವಾಟ್ಸಾಪಿನಲ್ಲಿ "1939ರ ಕಾಯ್ದೆ ಪ್ರಕಾರ" ಅಂತ ಶುರುವಾಗುವ ಸಂದೇಶ ಬಂದರೆ ಅಳಿಸಿಬಿಡಿ. ವಿಮಾನ ಹತ್ತುವ ವಾರದಲ್ಲಿ ಇ-ಎಫ್‌ಆರ್‌ಆರ್‌ಒ ತಾಣಕ್ಕೆ ಹೋಗಿ ಮಕ್ಕಳ ವಯಸ್ಸಿನ ಸಾಲನ್ನು ನೀವೇ ಒಮ್ಮೆ ಓದಿಕೊಳ್ಳಿ.

ಶಿರ್ವದಿಂದ

ನಮ್ಮ ಮಗ ಕುವೈತಿನಲ್ಲಿ ಹುಟ್ಟಿದ್ದು. ಇದ್ಯಾವುದೂ ನಮಗೆ ಬೇಕಾಗಲಿಲ್ಲ. ಗಲ್ಫ್‌ನಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದ ಪೌರತ್ವ ಸಿಗುವುದಿಲ್ಲ ನೋಡಿ. ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ಜನನ ದಾಖಲು ಮಾಡಿಸಿ, ಇಂಡಿಯನ್ ಪಾಸ್‌ಪೋರ್ಟ್ ಮಾಡಿಸಿದೆವು. ಅವನು ವಿದೇಶಿಯೇ ಅಲ್ಲ, ಮತ್ತೆ ಎಂತ ನೋಂದಣಿ? ಗಲ್ಫ್‌ನವರು ಇದನ್ನು ಓದಿ ಗಾಬರಿ ಆಗಬೇಡಿ. ಆದರೆ ಆ ಒಂದು ವರ್ಷ ಮೀರಬೇಡಿ, ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.

ಉಡುಪಿಯಿಂದ, ಒಬ್ಬ ಅಜ್ಜ

ನನ್ನ ಮೊಮ್ಮಗನಿಗೆ ಒಸಿಐ ಮಾಡಿಸಿದ್ದು ಇಲ್ಲಿಗೆ ಬಂದ ಮೇಲೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದ ನೋಡಿದವನು ನಾನು, ಆದರೂ ಸುಸ್ತಾದೆ. ಅದಕ್ಕೇ ಹೇಳುತ್ತೇನೆ ಮಗಾ, ಸಾಧ್ಯವಾದರೆ ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ.

ದುಡ್ಡು ನೋಡಿದರೆ ಇಲ್ಲಿ ಕಡಿಮೆ, 15,000 ರೂಪಾಯಿ. ಅಲ್ಲಿ 275 ಡಾಲರ್. ಆದರೆ ಇಲ್ಲಿ ಮಾಡಿಸುವುದಾದರೆ ಮಗು ಆರು ತಿಂಗಳು ಇಲ್ಲಿ ಇದ್ದಿರಬೇಕು, ಟೂರಿಸ್ಟ್ ವೀಸಾದಲ್ಲಿ ಬಂದಿರಬಾರದು. ಮೂಲ ಕಾಗದ ತೋರಿಸಲು ನಾವು ಬೆಂಗಳೂರಿಗೆ ಹೋದೆವು, ಶಾಂತಿನಗರ ಬಸ್‌ಸ್ಟ್ಯಾಂಡ್ ಕಟ್ಟಡದ ಮೇಲಿನ ಕಚೇರಿಗೆ. ಜುಲೈ ತಿಂಗಳು, ಶಿರಾಡಿ ಘಾಟಿ, ಮಡಿಲಲ್ಲಿ ವಾಂತಿ ಮಾಡುವ ಮಗು. ಉಳಿದದ್ದು ನೀವೇ ಊಹಿಸಿ.

ನಮ್ಮನ್ನು ಸತಾಯಿಸಿದ್ದು ಎರಡು ಕಾಗದ. ಒಂದು, ಮಗುವಿನ ಜನನ ಪತ್ರ. ತಂದೆ ತಾಯಿ ಇಬ್ಬರ ಹೆಸರೂ ಇರುವ ಪ್ರತಿ ಬೇಕು, ಅದಕ್ಕೆ ಹುಟ್ಟಿದ ರಾಜ್ಯದ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶದವರಿಗೆ ದೃಢೀಕರಿಸುವ ಸರ್ಕಾರಿ ಮುದ್ರೆ ಬೇಕು. ಇಲ್ಲಿ ಕುಳಿತು ಅದನ್ನು ತರಿಸುವುದು ಅಂದರೆ ಅಲ್ಲಿರುವ ಸ್ನೇಹಿತರಿಗೆ ದಮ್ಮಯ್ಯ ಹಾಕುವುದು. ಇನ್ನೊಂದು, ಮಗಳ ಮದುವೆಯ ಸರ್ಟಿಫಿಕೇಟ್. ಹಾಲ್‌ನಲ್ಲಿ ಸಾವಿರ ಜನಕ್ಕೆ ಊಟ ಹಾಕಿ ಮದುವೆ ಮಾಡಿದ್ದೆ. ರಿಜಿಸ್ಟರ್ ಮಾಡಿಸಲು ಮಾತ್ರ ಯಾರಿಗೂ ನೆನಪಾಗಲಿಲ್ಲ! ಕೊನೆಗೆ ಆಮಂತ್ರಣ ಪತ್ರಿಕೆ, ಫೋಟೊ, ಸಾಕ್ಷಿಗಳನ್ನು ಹಿಡಿದುಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ರಿಜಿಸ್ಟರ್ ಮಾಡಿಸಿದೆವು. ನಿಮ್ಮದು ಆಗಿದೆಯಾ ನೋಡಿಕೊಳ್ಳಿ.

ಫೋಟೊ ಕೂಡ ಚೌಕ ಇರಬೇಕು. ಸಹಿ ಹಾಕಲು ಬಾರದ ಮಗುವಿನ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ನಮ್ಮವನು ಆ ಶಾಯಿಯನ್ನು ನನ್ನ ಬಿಳಿ ಪಂಚೆಗೂ ಒತ್ತಿದ.

ಬ್ರಹ್ಮಾವರದಿಂದ

ಯಾರೂ ಹೇಳದ ಒಂದು ಖರ್ಚು. 16 ವರ್ಷದೊಳಗಿನ ಮಕ್ಕಳ ಅಮೆರಿಕದ ಪಾಸ್‌ಪೋರ್ಟ್ ಐದೇ ವರ್ಷ. ಹೊಸದಕ್ಕೆ ಮಗುವೂ ಅಪ್ಪ ಅಮ್ಮ ಇಬ್ಬರೂ ಎದುರು ಹೋಗಬೇಕು. ಒಬ್ಬರಿಗೆ ಬರಲು ಆಗದಿದ್ದರೆ ಅವರ ಒಪ್ಪಿಗೆಯ ಫಾರ್ಮ್ ಬೇಕು. ನಾವು ಹೋದದ್ದು ಚೆನ್ನೈ ಕಾನ್ಸುಲೇಟಿಗೆ, ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಮೇಲ್ ಹತ್ತಿ. ಹೊರಡುವ ಮೊದಲೇ ಮಕ್ಕಳಿಬ್ಬರಿಗೂ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದರೆ ಐದು ವರ್ಷ ನೆಮ್ಮದಿ.

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಒಸಿಐ ಪುನಃ ಮಾಡಿಸಬೇಕು ಅನ್ನುವವರು ಇದ್ದಾರೆ. 2021ರಿಂದ ಅದು ಇಲ್ಲ. ಹೊಸ ಪಾಸ್‌ಪೋರ್ಟಿನ ಪ್ರತಿಯನ್ನೂ ಹೊಸ ಫೋಟೊವನ್ನೂ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಹಾಕಿದರೆ ಸಾಕು. 20 ವರ್ಷ ತುಂಬಿದ ಮೇಲೆ ತೆಗೆದ ಪಾಸ್‌ಪೋರ್ಟಿಗೆ ಒಮ್ಮೆ ಮಾತ್ರ ಹೊಸ ಕಾರ್ಡ್.

ಮಣಿಪಾಲದಿಂದ

ಮಗಳಿಗೆ 13 ಅಂದಿರಿ, ಅವಳ ಒಸಿಐ ಯಾವ ವರ್ಷದ್ದು? ಸುಮ್ನೆ ಕೇಳುತ್ತಿಲ್ಲ. ಈ ಊರಲ್ಲಿ ಇದ್ದ ಮೇಲೆ ಇಂದಲ್ಲ ನಾಳೆ ನೀಟ್ ಮಾತು ಬಂದೇ ಬರುತ್ತದೆ. ಕದ್ರಿಯವರು ಹೇಳಿದ ಅದೇ 2021ರ ಅಧಿಸೂಚನೆಯಲ್ಲಿ, ಒಸಿಐ ಮಕ್ಕಳು ಎನ್‌ಆರ್‌ಐ ಸೀಟಿಗೆ ಮಾತ್ರ ಅರ್ಹರು, ಭಾರತೀಯರಿಗೆ ಮೀಸಲಾದ ಸೀಟಿಗೆ ಅಲ್ಲ ಅಂತ ಮಾಡಿದ್ದಾರೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, 2021ರ ಮಾರ್ಚ್ 4ಕ್ಕಿಂತ ಮೊದಲು ಒಸಿಐ ಪಡೆದವರಿಗೆ ಇದು ಅನ್ವಯಿಸುವುದಿಲ್ಲ ಎಂದಿತು. ಅಂದರೆ ನಿಮ್ಮ ಮಗಳದ್ದು ಹಳೆಯದಾದರೆ ಒಂದು ದಾರಿ, ಮಗನಿಗೆ ಈಗ ಮಾಡಿಸಿದರೆ ಬೇರೆ ದಾರಿ. ಒಂದೇ ಮನೆಯ ಅಕ್ಕ ತಮ್ಮನಿಗೆ ಎರಡು ಲೆಕ್ಕ. ನನಗೆ ಇದು ನ್ಯಾಯ ಅಂತ ಕಾಣುವುದಿಲ್ಲ, ಆದರೆ ಇರುವುದು ಹಾಗೆ. ಮಗಳ ಮೊದಲ ಒಸಿಐ ಕಾರ್ಡನ್ನು ಜೋಪಾನ ಮಾಡಿ.

ಆಧಾರ್ ಕೂಡ ಒಸಿಐ ಮಕ್ಕಳಿಗೆ ಸಿಗುತ್ತದೆ. ಆದರೆ ಬಂದ ಕೂಡಲೇ ಅಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಶಾಲೆಯವರು ಜೂನ್‌ನಲ್ಲೇ ಕೇಳಿದರೆ ಈ ಮಾತು ಹೇಳಿ.

ಪ್ರಶ್ನೆ ಕೇಳಿದವರು, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳ ಕಾರ್ಡ್ ತೆಗೆದು ನೋಡಿದೆ, 2014ರದ್ದು. ಅದನ್ನು ಫೈಲಿನಿಂದ ತೆಗೆದು ಲಾಕರಿಗೆ ಹಾಕಿದೆ. ಮಗನ ವೀಸಾ ಮುಂದಿನ ಅಕ್ಟೋಬರಿಗೆ ಮುಗಿಯುತ್ತದೆ. ಅಂದರೆ ಬಂದು ಐದೇ ತಿಂಗಳು! ಇಲ್ಲಿಂದಲೇ ಒಸಿಐಗೆ ಅರ್ಜಿ ಹಾಕುವುದು ಅಂತ ತೀರ್ಮಾನ ಆಯಿತು. ಜನನ ಪತ್ರದ ಎರಡು ಪ್ರತಿ ತರಿಸಿ ಒಂದಕ್ಕೆ ಟ್ರೆಂಟನ್‌ನಲ್ಲಿ ಅಪೊಸ್ಟಿಲ್ ಹಾಕಿಸುತ್ತೇನೆ, ಬೇಕಾದೀತು. ಅಜ್ಜ ಹೇಳಿದ ಮದುವೆ ಸರ್ಟಿಫಿಕೇಟ್ ಮಾತ್ರ... ನಮ್ಮದೂ ಮಾಡಿಸಿಲ್ಲ. ಡಿಸೆಂಬರಿನಲ್ಲಿ ಎರಡು ವಾರ ಊರಿಗೆ ಬರುತ್ತಿದ್ದೇವೆ, ಅಷ್ಟರಲ್ಲಿ ಆಗುತ್ತದಾ?

ಉಡುಪಿಯ ಅಜ್ಜ

ಎರಡು ವಾರ ಇದ್ದರೆ ನೋಡಬಹುದು. ಆಮಂತ್ರಣ ಪತ್ರಿಕೆ ಒಂದಾದರೂ ಯಾರ ಮನೆಯಲ್ಲಾದರೂ ಇರುತ್ತದೆ, ಅಮ್ಮನಿಗೆ ಈಗಲೇ ಫೋನ್ ಮಾಡಿ ಹುಡುಕಲು ಹೇಳಿ.