ಕೀಮೋ ನಡೆಯುವಾಗ ತೀರ್ಥ, ಪ್ರಸಾದ, ಹರಕೆ: ಸಿಸ್ಟರ್ ಹತ್ತಿರ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಕಾಪುವಿನ ತಾಯಿ): ಸಿಸ್ಟರ್, ಮಗನಿಗೆ ಆರು ವರ್ಷ. ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಮೊದಲ ಹಂತದ ಕೀಮೋ ನಡೀತಾ ಉಂಟು, ಮದ್ದು ಕೊಡಲು ಎದೆಯ ಚರ್ಮದಡಿ ಪೋರ್ಟ್ ಎಂಬ ಸಣ್ಣ ಸಾಧನ ಹಾಕಿದ್ದಾರೆ. ಅತ್ತೆ ಕಟೀಲಿಗೂ ಕುಕ್ಕೆಗೂ ಹರಕೆ ಹೇಳಿಕೊಂಡಿದ್ದಾರೆ. ನೋಡಲು ಬರುವವರೆಲ್ಲ ತೀರ್ಥ, ಪ್ರಸಾದ, ನೂಲು ತರ್ತಾರೆ. ಬೇಡ ಅಂದರೆ ಅವರಿಗೆ ಬೇಜಾರು, ಕೊಟ್ಟರೆ ನನಗೆ ಹೆದರಿಕೆ. ನನಗೂ ದೇವರೇ ಆಸರೆ. ಯಾವುದು ಕೊಡಬಹುದು?

ಉತ್ತರ (ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್, ಮಂಗಳೂರು): ಅಮ್ಮ, ನಂಬಿಕೆ ಬಿಡಬೇಕಾಗಿಲ್ಲ. ಯಾವ ಆಚರಣೆ ಯಾವಾಗ ಅನ್ನುವುದನ್ನು ಮಾತ್ರ ಮಗುವಿನ ರಕ್ತದ ರಿಪೋರ್ಟ್ ನೋಡಿ ನಿರ್ಧರಿಸಿ. ರಿಪೋರ್ಟಿನಲ್ಲಿ ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ. ಬಿಳಿಕಣ 1,200, ನ್ಯೂಟ್ರೋಫಿಲ್ 20 ಇದ್ದರೆ 240 ಬರುತ್ತದೆ. ಇದೇ ಎ.ಎನ್.ಸಿ., ಅಂದರೆ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ಲೆಕ್ಕ; ನಾವು ಕೌಂಟ್ ಅನ್ನುವುದು ಇದನ್ನೇ. ಅದು 500ಕ್ಕಿಂತ ಕೆಳಗಿದ್ದರೆ ಮೈಯಲ್ಲಿ ಸೋಂಕು ಎದುರಿಸುವ ಶಕ್ತಿ ಇಲ್ಲವೆಂದೇ ಲೆಕ್ಕ. ಆಗ ಹೊರಗಿನ ತೀರ್ಥ ಪ್ರಸಾದ ಯಾವುದೂ ಬಾಯಿಗೆ ಬೇಡ, ಗುಡಿಗೂ ಹೋಗಬೇಡಿ.

ತೀರ್ಥ ಎಂದರೆ ಕುದಿಸದ ನೀರು. ಉದ್ಧರಣೆ, ಕೈ, ತುಳಸಿ ಎಲ್ಲ ಮುಟ್ಟಿ ಬಂದದ್ದು. ಪಂಚಾಮೃತದಲ್ಲಿ ಹಸಿ ಹಾಲು, ಜೇನು ಇರುತ್ತದೆ. ಎರಡನ್ನೂ ಕೌಂಟ್ ಚೆನ್ನಾಗಿದ್ದಾಗಲೂ ಕುಡಿಸಬೇಡಿ. ಬದಲಿಗೆ ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನು ಶುದ್ಧ ಲೋಟದಲ್ಲಿ ದೇವರ ಮುಂದಿಟ್ಟು, ಕೈಮುಗಿದು, ಅದನ್ನೇ ತೀರ್ಥವೆಂದು ಕೊಡಿ. ಗುಡಿಯ ತೀರ್ಥ ನೀವು ತೆಗೆದುಕೊಳ್ಳಿ. ಪಂಚಕಜ್ಜಾಯದಲ್ಲಿ ಹಸಿ ತೆಂಗಿನತುರಿ ಇರುತ್ತದೆ, ಕೈಯಲ್ಲೇ ಕಲಸಿರುತ್ತಾರೆ. ಹಾಗಾಗಿ ಅದೂ ಬೇಡ. ಬಾಳೆಹಣ್ಣು ಆಗುತ್ತದೆ: ಒಡಕಿಲ್ಲದ್ದನ್ನು ಆರಿಸಿ, ಸಿಪ್ಪೆ ಸಮೇತ ತೊಳೆದು, ಕೈ ತೊಳೆದು ಸುಲಿದು ಕೊಡಿ. ಮನೆಯಲ್ಲಿ ಆಗಷ್ಟೇ ಮಾಡಿದ ಬಿಸಿ ಪಾಯಸ ನೈವೇದ್ಯಕ್ಕಿಟ್ಟು ಆರುವ ಮೊದಲೇ ತಿನ್ನಿಸಿದರೆ ಮಗುವಿಗೂ ಖುಷಿ.

ಕುಕ್ಕೆಯ ಮೃತ್ತಿಕೆ ಯಾರಾದರೂ ತಂದರೆ ಹಣೆಗೂ ಹಚ್ಚಬೇಡಿ, ನಾಲಿಗೆಗೂ ಬೇಡ. ಅದು ಮಣ್ಣು. ಮಣ್ಣಿನಲ್ಲಿ ಶಿಲೀಂಧ್ರದ ಬೀಜಕಣ ಇರುತ್ತದೆ. ಮೇಲಾಗಿ ಮೆಲಿಯೊಯ್ಡೋಸಿಸ್ ತರುವ ಬ್ಯಾಕ್ಟೀರಿಯಾ ನಮ್ಮ ಕರಾವಳಿಯಲ್ಲಿ ಉಂಟು. ಮಣ್ಣು ಮತ್ತು ನೀರಿನಿಂದ ಬರುವ ಆ ಕಾಯಿಲೆ ಹೆಚ್ಚು ಕಾಣುವುದು ಮಳೆಗಾಲದಲ್ಲಿ. ಪೊಟ್ಟಣ ಬಿಡಿಸದೆ ದೇವರ ಕೋಣೆಯಲ್ಲಿಡಿ. ನಾಗಬನದ ತಂಬಿಲ ಪೂಜೆಗೂ ಮಗುವನ್ನು ಕರೆದೊಯ್ಯಬೇಡಿ, ಕೊಳೆತ ತರಗೆಲೆ ಇರುವ ಒದ್ದೆ ಜಾಗ ಅದು.

ನೂಲು ಕಟ್ಟುವುದಾದರೆ ಹೊಸದು, ಒಣಗಿದ್ದು, ಸಡಿಲವಾಗಿ. ಒದ್ದೆಯಾದ ಕೂಡಲೇ ಬಿಚ್ಚಿ ಬೇರೆ ಕಟ್ಟಿ. ಡ್ರಿಪ್ ಹಾಕುವ ಕೈಗೆ ಬೇಡ. ಗಂಧ, ಕುಂಕುಮ, ಭಸ್ಮ ಪೋರ್ಟ್ ಹತ್ತಿರ ಸುಳಿಯಬಾರದು. ದಿಂಬಿನ ಕೆಳಗೆ ಹೂ ಇಡುವುದೂ ಬೇಡ, ಫೋಟೋ ಇಡಿ.

ಪ್ರಶ್ನೆ (ಅದೇ ತಾಯಿ): ಕೂದಲು ಉದುರಲು ಶುರುವಾಗಿದೆ. ಮುಡಿ ಹರಕೆ ಈಗಲೇ ಕೊಟ್ಟುಬಿಡೋಣವೇ? ಸರ್ಪಸಂಸ್ಕಾರಕ್ಕೆ ಮಗ ಬರಲೇಬೇಕೇ?

ಉತ್ತರ: ಕೀಮೋ ಶುರುವಾಗಿ ಎರಡು ಮೂರು ವಾರಕ್ಕೆ ಕೂದಲು ಉದುರುವುದು ಸಹಜ. ಕತ್ತಿ, ಬ್ಲೇಡು ಮಾತ್ರ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆ ಇರುವಾಗ ಸಣ್ಣ ಗೀರಿನಿಂದಲೂ ರಕ್ತ ಒಸರುತ್ತದೆ, ಅಲ್ಲಿಂದಲೇ ಸೋಂಕು ಒಳಗೆ ಹೋಗುತ್ತದೆ. ಮನೆಯಲ್ಲೇ ಶುದ್ಧ ಟ್ರಿಮ್ಮರಿನಿಂದ ಗಿಡ್ಡ ಮಾಡಿ. ಆ ಕೂದಲನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಆಮೇಲೆ ಒಪ್ಪಿಸಬಹುದೇ ಎಂದು ಅರ್ಚಕರಲ್ಲಿ ಕೇಳಿ.

ಕುಕ್ಕೆ ಮಂಗಳೂರಿನಿಂದ ಸುಮಾರು 105 ಕಿ.ಮೀ. ದಾರಿಯಲ್ಲಿ ಜ್ವರ ಬಂದರೆ ಆಸ್ಪತ್ರೆಗೆ ಮರಳಲು ಗಂಟೆಗಟ್ಟಲೆ ಬೇಕು. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳಲ್ಲಿ ಕೌಂಟ್ ತೀರಾ ಕೆಳಗಿಳಿಯುತ್ತದೆ. ಹಾಗಾಗಿ ಸೇವೆ ಹೆತ್ತವರ ಕೈಯಿಂದಲೇ ಆಗಲಿ, ಮಗು ಮನೆಯಲ್ಲಿರಲಿ. ಮಗುವಿನ ಜೊತೆ ಉಳಿಯುವವರಿಗೆ ಈ ಮಾತು ಬಾಯಿಪಾಠ ಆಗಿರಬೇಕು: 100.4 ಡಿಗ್ರಿ ಜ್ವರ ಕಂಡರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯುವುದಲ್ಲ, ತಕ್ಷಣ ವಾರ್ಡಿಗೆ ಫೋನ್ ಮಾಡಿ ಹೊರಡುವುದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತಕ್ಕೆ ಹೋಗಬೇಕು. ಸ್ಟಿರಾಯ್ಡ್ ನಡೆಯುವ ವಾರಗಳಲ್ಲಿ ಜ್ವರ ಮುಚ್ಚಿಹೋಗಬಹುದು. ಮಗು ಮಂಕಾಗಿದ್ದರೆ, ಕೈಕಾಲು ತಣ್ಣಗಿದ್ದರೆ ಥರ್ಮಾಮೀಟರ್ ನಂಬಿ ಕೂರಬೇಡಿ.

ಇನ್ನೊಂದು. ನಿಮ್ಮ ಉಪವಾಸ ನಿಮ್ಮಿಷ್ಟ, ಆದರೆ ರಾತ್ರಿ ಎರಡು ಗಂಟೆಗೆ ಮಗುವನ್ನೆತ್ತಿಕೊಂಡು ಓಡಬೇಕಾದವರೂ ನೀವೇ. ಒಪ್ಪೊತ್ತಾದರೂ ಊಟ ಮಾಡಿ.

ಪ್ರಶ್ನೆ (ಉಳ್ಳಾಲದ ತಂದೆ): ಸಿಸ್ಟರ್, ಮಗಳಿಗೆ ಎಂಟು ವರ್ಷ, ಇದೇ ಕಾಯಿಲೆ. ಉಸ್ತಾದರು ಓದಿ ಊದಿದ ನೀರು, ದರ್ಗಾದ ನೀರು ಕೊಡಬಹುದಾ? ಅವಳು ಉಪವಾಸ ಹಿಡೀತೇನೆ ಅಂತ ಹಟ ಮಾಡ್ತಾಳೆ.

ಉತ್ತರ: ಊದುವಾಗ ಉಸಿರಿನ ಜೊತೆ ಬಾಯಿಯ ರೋಗಾಣುಗಳೂ ನೀರಿಗೆ ಬೀಳುತ್ತವೆ. ಮುಚ್ಚಳ ಬಿಚ್ಚದ ಸೀಲ್ ಬಾಟಲಿ ಮುಂದಿಟ್ಟು ಓದುವಂತೆ ಉಸ್ತಾದರಲ್ಲಿ ಕೇಳಿಕೊಳ್ಳಿ. ದರ್ಗಾದ ನೀರಾದರೆ ಚೆನ್ನಾಗಿ ಕುದಿಸಿ ಆರಿಸಿ ಕೊಡಿ. ಕಾಯಿಲೆಯವರಿಗೆ, ಸಣ್ಣ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ ಎಂಬುದನ್ನು ಉಸ್ತಾದರ ಬಾಯಿಂದಲೇ ಹೇಳಿಸಿ, ನಮ್ಮ ಮಾತಿಗಿಂತ ಅದು ನಾಟುತ್ತದೆ. ಇಫ್ತಾರಿಗೆ ಎಲ್ಲರ ಜೊತೆ ಕೂರಲಿ.

ಪ್ರಶ್ನೆ (ಸುರತ್ಕಲ್‌ನ ತಾಯಿ): ಮಜ್ಜೆ ಪರೀಕ್ಷೆಯಲ್ಲಿ ರೋಗ ಇಲ್ಲ ಅಂತ ಬಂತು. ಹರಕೆ ಫಲಿಸಿತು, ಇನ್ನು ಇಷ್ಟು ಮದ್ದು ಯಾಕೆ, ಅಮೃತಬಳ್ಳಿ ಕಷಾಯ ಸಾಕು ಅಂತಾರೆ ಮನೆಯವರು. ನಾಗದೋಷದಿಂದ ಬಂದದ್ದು ಅಂತ ಮಗನ ಎದುರೇ ಮಾತಾಡ್ತಾರೆ.

ಉತ್ತರ: ದಯವಿಟ್ಟು ಮದ್ದು ನಿಲ್ಲಿಸಬೇಡಿ. ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಈ ಒಂದು ಹಂತದ ಬಗ್ಗೆ. ರೋಗ ಪತ್ತೆಯಾಗುವಾಗ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರಬಹುದು. ಅದು ಸಾವಿರ ಕೋಟಿಗೆ ಇಳಿದರೂ ಸೂಕ್ಷ್ಮದರ್ಶಕದಲ್ಲಿ ಕಾಣದೇ ಹೋಗಬಹುದು. ಮೊದಲ ಹಂತದ ಕೊನೆಯ ‘ಇಲ್ಲ’ ಎಂಬ ರಿಪೋರ್ಟಿಗೆ ಇಷ್ಟೇ ಅರ್ಥ. ಉಳಿದದ್ದನ್ನು ತೆಗೆಯಲಿಕ್ಕೇ ಒಟ್ಟು ಎರಡರಿಂದ ಮೂರು ವರ್ಷದ ಚಿಕಿತ್ಸೆ.

ಮುಂದೆ ಮನೆಯಲ್ಲೇ ಕೊಡುವ 6-ಎಂ.ಪಿ. (ಮರ್ಕ್ಯಾಪ್ಟೊಪ್ಯೂರಿನ್) ಎಂಬ ಕೀಮೋ ಮಾತ್ರೆ ದಿನಾ ರಾತ್ರಿ ಒಂದೇ ಹೊತ್ತಿಗೆ ಆಗಬೇಕು. ಅದರ ಡೋಸ್‌ಗಳಲ್ಲಿ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ತಿಂಗಳಿಗೆ ಎರಡು ಡೋಸ್ ತಪ್ಪಿದರೆ ಅಲ್ಲಿಗೆ ಮುಟ್ಟಿತು. ಭೂತಕೋಲ, ಯಕ್ಷಗಾನ ಎಂದು ರಾತ್ರಿ ಹೋಗುವಾಗ ತಪ್ಪುವುದೇ ಹೆಚ್ಚು. ದೀಪ ಹಚ್ಚುವ ಜಾಗದ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕೀಮೋ ಮಾತ್ರೆ ಮಾತ್ರ ವಾರಕ್ಕೊಂದೇ ದಿನ, ಅಪ್ಪಿತಪ್ಪಿಯೂ ದಿನಾ ಅಲ್ಲ.

ಈ ಎರಡೂ ಮದ್ದು ಲಿವರ್ ಮೇಲೆ ಭಾರ ಹಾಕುತ್ತವೆ. ಅಮೃತಬಳ್ಳಿಯಿಂದಲೂ ಲಿವರ್ ಕೆಟ್ಟ ಉದಾಹರಣೆಗಳುಂಟು. ಕಷಾಯ ಸೇರಿದರೆ ಲಿವರ್ ರಿಪೋರ್ಟಿನ ಅಂಕಿ ಯಾವುದರಿಂದ ಏರಿತೆಂದು ತಿಳಿಯದೆ ಡಾಕ್ಟರು ಕೀಮೋವನ್ನೇ ಕಡಿಮೆ ಮಾಡಬೇಕಾಗುತ್ತದೆ. ಪಪ್ಪಾಯಿ ಎಲೆಯ ಹಸಿ ರಸವೂ ಬೇಡ. ಸಾರಿಗೆ ಹಾಕುವ ಅರಶಿನಕ್ಕೆ ತೊಂದರೆ ಇಲ್ಲ.

ದೋಷದ ಮಾತು ಮಗುವಿನ ಎದುರು ನಿಲ್ಲಲೇಬೇಕು. ಈ ವಯಸ್ಸಿನವರು ತಾವು ಏನೋ ತಪ್ಪು ಮಾಡಿದ್ದಕ್ಕೇ ಸೂಜಿ ಎಂದುಕೊಳ್ಳುತ್ತಾರೆ. ‘ನೀನೂ ಏನೂ ಮಾಡಿಲ್ಲ, ನಾವೂ ಮಾಡಿಲ್ಲ. ರಕ್ತ ಮಾಡುವ ಜಾಗದಲ್ಲಿ ಕೆಲವು ಕಣ ಹಾಳಾಗಿವೆ, ಅದಕ್ಕೆ ಮದ್ದು’ ಎಂದು ಚಿಕ್ಕದಾಗಿ ಹೇಳಿ, ಕೇಳಿದಷ್ಟು ಸಲ ಹೇಳಿ. ರಾತ್ರಿ ಪ್ರಾರ್ಥನೆಯಲ್ಲಿ ಏನು ಕೇಳಬೇಕೆಂದು ಅವನೇ ಆರಿಸಲಿ. ‘ನಾಳೆ ಸೂಜಿ ನೋಯದಿರಲಿ’ ಅಂದರೆ ವಾರ್ಡಿಗೆ ತಿಳಿಸಿ, ಪೋರ್ಟಿಗೆ ಚುಚ್ಚುವ ಒಂದು ಗಂಟೆ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಲು ಆಗುತ್ತದೆ.

ಮಗುವೇ ಬಂದು ತೀರಿಸಬೇಕಾದ ಹರಕೆಗಳಿಗೆ ಚಿಕಿತ್ಸೆ ಮುಗಿದು ಆರು ತಿಂಗಳ ನಂತರದ ದಿನ ನೋಡಿ. ನಿಂತಿದ್ದ ಲಸಿಕೆಗಳನ್ನು ಮತ್ತೆ ಶುರುಮಾಡುವುದೂ ಸಾಮಾನ್ಯವಾಗಿ ಆ ಹೊತ್ತಿಗೇ. ಅಲ್ಲಿವರೆಗೆ ಮುಡಿಪು ಕಟ್ಟಿ ದೇವರ ಕೋಣೆಯಲ್ಲಿಟ್ಟರೆ ಸಾಕು.